ಸೋಲೊಪ್ಪುವುದೋ, ಆಟ ಬಿಡುವುದೋ: ಚದುರಂಗದ ಒಂದು ಶಿಷ್ಟಾಚಾರದ ಚರಿತ್ರೆ

ಸೊಲ್ಲಾಪುರ ಸೀಮೆಯ ನಮ್ಮಂಥವರು ಚದುರಂಗದ ಒಂದೇ ಸುದ್ದಿಯನ್ನು ಎರಡು ಭಾಷೆಯಲ್ಲಿ ಓದ್ತೀವಿ. ಆಟ ಕೈಮೀರಿದಾಗ ಆಟಗಾರ ಮಾತ್ ಆಗುವವರೆಗೆ ಕಾಯದೆ ಕೈ ಚಾಚುತ್ತಾನಲ್ಲ, ಅದಕ್ಕೆ ಕನ್ನಡ ಪತ್ರಿಕೆ ‘ಸೋಲೊಪ್ಪಿಕೊಂಡರು’ ಅಂತ ಬರೆಯುತ್ತದೆ. ಮರಾಠಿಯಲ್ಲಿ ‘ಡಾವ್ ಸೋಡಲಾ’, ಅಂದರೆ ಆಟ ಬಿಟ್ಟರು. ಮೊದಲನೆಯದರಲ್ಲಿ ಎದುರಾಳಿಗೆ ಕೊಟ್ಟ ಒಪ್ಪಿಗೆ ಇದೆ. ಎರಡನೆಯದರಲ್ಲಿ ಎದ್ದುಹೋಗುವುದು ಇದೆ. ಈ ಎರಡು ಮಾತುಗಳ ನಡುವೆ ಇಟ್ಟು ಈ ಶಿಷ್ಟಾಚಾರದ ಚರಿತ್ರೆಯನ್ನು ನೋಡಬೇಕು ಅನ್ನೋದು ನನ್ನ ವಾದ.

ಅಂತರರಾಷ್ಟ್ರೀಯ ಚೆಸ್ ಒಕ್ಕೂಟ ಫಿಡೆಯ ನಿಯಮ ಚಿಕ್ಕದು: ಆಟಗಾರ ಸೋತೆನೆಂದು ಘೋಷಿಸಿದರೆ ಆಟ ಆ ಕ್ಷಣಕ್ಕೆ ಮುಗಿಯುತ್ತದೆ, ಎದುರಾಳಿ ಗೆಲ್ಲುತ್ತಾನೆ. ಯಾವಾಗ ಘೋಷಿಸಬೇಕು ಅಂತ ಎಲ್ಲೂ ಬರೆದಿಲ್ಲ. ಉಳಿದದ್ದೆಲ್ಲ ರೂಢಿ. ಗಡಿಯಾರ ನಿಲ್ಲಿಸು, ಕೈಕುಲುಕು. ಕಾಯಿಗಳನ್ನು ಸಿಟ್ಟಿನಿಂದ ತಳ್ಳಬೇಡ. ಸೋತ ಸ್ಥಿತಿಯಲ್ಲಿ ಸುಮ್ಮನೆ ಕೂತು ಎದುರಿನವನ ಹೊತ್ತು ಕಳೆಯಬೇಡ.

ಹಿಂದೆ ದೀರ್ಘವಾದ ಆಟಗಳನ್ನು ರಾತ್ರಿ ನಿಲ್ಲಿಸಿ ಮತ್ತೆ ಮುಂದುವರಿಸುತ್ತಿದ್ದರು. ಮುಂದಿನ ನಡೆಯನ್ನು ಲಕೋಟೆಯಲ್ಲಿ ಮುಚ್ಚಿಡುತ್ತಿದ್ದರು. ಹಾಗಾಗಿ ಸೋಲಿನ ನಿರ್ಧಾರ ಎಷ್ಟೋ ಸಲ ಹಲಗೆಯಿಂದ ದೂರ, ಕೋಣೆಯೊಳಗೆ ಆಗುತ್ತಿತ್ತು. 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ನಿಂತಿದ್ದ 34ನೇ ಆಟವನ್ನು ಮುಂದುವರಿಸಲು ಕಾಪಾಬ್ಲಾಂಕಾ ಬರಲಿಲ್ಲ. ಅಲೆಖಿನ್‌ಗೆ ಪತ್ರ ಬರೆದು ಸೋಲನ್ನೂ ವಿಶ್ವ ಪಟ್ಟವನ್ನೂ ಒಪ್ಪಿಸಿದರು. 1972ರ ಸೆಪ್ಟೆಂಬರ್ 1ರಂದು ರೇಕ್ಯಾವಿಕ್‌ನಲ್ಲಿ ಸ್ಪಾಸ್ಕಿ 21ನೇ ಆಟದ ಸೋಲನ್ನು ಫೋನಿನಲ್ಲಿ ತೀರ್ಪುಗಾರ ಲೋಥರ್ ಶ್ಮಿಡ್‌ಗೆ ತಿಳಿಸಿದರು. ಫಿಶರ್ ಆಡಲೆಂದು ಬಂದಾಗ ಎದುರು ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಕನ್ನಡದ ‘ಒಪ್ಪಿಕೊಂಡರು’ ಪತ್ರಕ್ಕೆ ಸರಿಹೊಂದುತ್ತದೆ. ಫೋನಿಗೆ ಮರಾಠಿಯ ‘ಸೋಡಲಾ’ನೇ ಹತ್ತಿರ ಅಂತ ನನಗನಿಸುತ್ತದೆ.

ಇಲ್ಲಿ ಒಂದು ಗ್ರಹಿಕೆ ಅಡಗಿದೆ. ಸೋಲೊಪ್ಪುವುದು ಮರ್ಯಾದೆ ಆಗೋದು ಫಲಿತಾಂಶ ಇಬ್ಬರಿಗೂ ಗೊತ್ತಿದೆ ಎಂಬ ನಂಬಿಕೆಯ ಮೇಲೆ. ನೀನು ತಪ್ಪುವುದಿಲ್ಲ ಅಂತ ಎದುರಾಳಿಗೆ ಹೇಳುವ ಬಗೆ ಅದು. ಆ ತಿಳಿವಳಿಕೆಯೇ ತಪ್ಪಾಗಿದ್ದರೆ? 1902ರ ಮಾಂಟೆ ಕಾರ್ಲೋ ಪಂದ್ಯಾವಳಿಯಲ್ಲಿ ಪೋಪಿಯೆಲ್ ಎದುರು ಆಡುತ್ತಿದ್ದ ಗೇಯಾರ್ಗ್ ಮಾರ್ಕೊ ತಮ್ಮ ಒಂಟೆ ಇನ್ನು ಉಳಿಯುವುದಿಲ್ಲವೆಂದು ಸೋಲೊಪ್ಪಿದರು. ಅದೇ ಒಂಟೆಯನ್ನು ಜಿ1 ಮನೆಗೆ ನಡೆಸಿದ್ದರೆ ಗೆಲುವು ಅವರದೇ ಆಗಿತ್ತು. 1997ರಲ್ಲಿ ನ್ಯೂಯಾರ್ಕಿನಲ್ಲಿ ಡೀಪ್ ಬ್ಲೂ ಕಂಪ್ಯೂಟರಿನೊಂದಿಗಿನ ಎರಡನೇ ಆಟವನ್ನು ಕಾಸ್ಪರೋವ್ ಬಿಟ್ಟುಕೊಟ್ಟರು. ಡ್ರಾ ಮಾಡಿಕೊಳ್ಳುವ ದಾರಿ ಇತ್ತೆಂದು ವಿಶ್ಲೇಷಕರು ಆಮೇಲೆ ತೋರಿಸಿದರು. ಯಂತ್ರ ತಪ್ಪುವುದಿಲ್ಲ ಎಂಬ ನಂಬಿಕೆ ಅವರನ್ನು ಕಟ್ಟಿಹಾಕಿತ್ತೋ ಏನೋ. ಹೇಳಿದ ಮಾತನ್ನು ಹಿಂದಕ್ಕೆ ಪಡೆಯಲು ಮಾತ್ರ ನಿಯಮದಲ್ಲಿ ಅವಕಾಶ ಇಲ್ಲ.

ನನ್ನದೇ ಒಂದು ಸಂಗತಿ ಹೇಳ್ತೀನಿ. ಒಂದು ಸ್ಥಳೀಯ ಪಂದ್ಯಾವಳಿಯಲ್ಲಿ ನನ್ನೆದುರು ಶಾಲೆಯ ಹುಡುಗ. ಅವನ ಬಳಿ ಬರೀ ರಾಜ, ನನ್ನ ಬಳಿ ವಜೀರ. ಅವನು ಆಟ ಬಿಡಲೇ ಇಲ್ಲ. ಇವನಿಗೆ ರೀತಿ ಕಲಿಸಿಲ್ಲವೇ ಅಂತ ಸಿಟ್ಟು ಬಂತು. ಬೇಗ ಮುಗಿಸೋಣ ಅಂತ ವಜೀರನನ್ನು ಸರಿಸಿದೆ. ರಾಜನಿಗೆ ಶಹ ಇಲ್ಲ, ಹೋಗಲು ಮನೆಯೂ ಇಲ್ಲ. ಸ್ಟೇಲ್‌ಮೇಟ್, ಆಟ ಡ್ರಾ. ಹುಡುಗ ನಗದೆ ಕೈ ಚಾಚಿದ. ರೀತಿ ತಪ್ಪಿದ್ದು ನಾನೇ ಅಂತ ಆಮೇಲೆ ತಿಳಿಯಿತು. ಹೊಸಬರಿಗೆ ಕೊನೆಯವರೆಗೆ ಆಡಿ ಅಂತ ತರಬೇತುದಾರರು ಹೇಳೋದು ಇದಕ್ಕೇ. ಎದುರಿನವನು ಬಿಡಲಿ ಅಂತ ಬಯಸುವ ಹಕ್ಕು ಗೆಲ್ಲುವವನಿಗೆ ಇಲ್ಲ. ಗೆಲುವನ್ನು ಹಲಗೆಯ ಮೇಲೆ ತೋರಿಸುವ ಕೆಲಸ ಅವನದು.

ಚರ್ಚೆಯಲ್ಲಿ ನಾವು ಬರೀ ಸೋತವರ ನಡತೆಯನ್ನೇ ಅಳೀತೀವಿ. ಗೆದ್ದವರಿಗೂ ಒಂದು ರೀತಿ ಉಂಟು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ 14ನೇ ಆಟದ 55ನೇ ನಡೆಯಲ್ಲಿ ಡಿಂಗ್ ಲಿರೆನ್ ಆನೆಯನ್ನು ತಪ್ಪು ಮನೆಗೆ ಇಟ್ಟರು, ಸ್ವಲ್ಪ ಹೊತ್ತಿಗೆ ಸೋಲೊಪ್ಪಿದರು. 18 ವರ್ಷದ ಗುಕೇಶ್ ಅತ್ತರು. ಆಮೇಲೆ ಹಲಗೆಯ ಕಾಯಿಗಳನ್ನೆಲ್ಲ ಒಂದೊಂದಾಗಿ ಅವುಗಳ ಮೊದಲಿನ ಮನೆಗೆ ಜೋಡಿಸಿದರು.

ನನ್ನ ಮಾತು ಇಷ್ಟೇ. ಪ್ರಶ್ನೆಗಳಿದ್ದರೆ ಕೇಳಿ.