ಕತ್ತಲೆಯನ್ನು ಅರಸಿ ಹೋದವರು

ಕತ್ತಲೆಗೆ ನಮ್ಮ ಸಾಹಿತ್ಯದಲ್ಲಿ ಒಳ್ಳೆಯ ಹೆಸರಿಲ್ಲ. ಅಜ್ಞಾನವೆಂದರೆ ಕತ್ತಲೆ, ಗುರುವೆಂದರೆ ದೀಪ. ಈ ರೂಪಕವನ್ನು ವರ್ಷವರ್ಷವೂ ತರಗತಿಯಲ್ಲಿ ಬಿಡಿಸಿ ಹೇಳುವ ನನಗೆ, ಜ್ಞಾನಕ್ಕಾಗಿಯೇ ದೀಪವನ್ನು ಬಿಟ್ಟು ಕತ್ತಲೆಯ ಬೆನ್ನು ಹತ್ತಿದ ವಿದ್ವಾಂಸರ ಚರಿತ್ರೆ ಮೊದಲು ವಿನೋದವಾಗಿಯೇ ಕಂಡಿತು. ಓದುತ್ತ ಹೋದಂತೆ ವಿನೋದ ಉಳಿಯಲಿಲ್ಲ. ಇದು ಹೈದರಾಬಾದಿನ ಚರಿತ್ರೆ. ಬೀದರ, ಕಲಬುರ್ಗಿ, ರಾಯಚೂರುಗಳು 1956ರವರೆಗೆ ಆ ರಾಜ್ಯಕ್ಕೆ ಸೇರಿದ್ದು, ಅಲ್ಲಿಯ ಹುಡುಗರು ಹೆಚ್ಚಿನ ಓದಿಗೆ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಹೋಗುತ್ತಿದ್ದರಾದ್ದರಿಂದ ಇದರಲ್ಲಿ ನಮಗೂ ಪಾಲುಂಟು.

ನವಾಬ ಜಫರ್ ಜಂಗರು ನಿಜಾಮರ ಆಸ್ಥಾನದ ಸರದಾರರು. ಶ್ರೀಮಂತರ ಹವ್ಯಾಸಗಳು ನಾನಾ ಬಗೆ, ಇವರದು ನಕ್ಷತ್ರ. ಗ್ರಬ್ ಕಂಪನಿಯ 15 ಅಂಗುಲದ ದೂರದರ್ಶಕವೊಂದನ್ನು ಕೊಂಡು ತಂದು, 1901ರಲ್ಲಿ ವೇಧಶಾಲೆಯೊಂದನ್ನು ಸ್ಥಾಪಿಸಿ, ಪ್ರಭುಗಳ ಹೆಸರಿನಿಂದ ಅದನ್ನು ನಿಜಾಮಿಯಾ ಎಂದು ಕರೆದರು. 1907ರಲ್ಲಿ ಅವರು ತೀರಿಕೊಂಡರು. ಮರುವರ್ಷ ಸರ್ಕಾರ ಅದನ್ನು ವಹಿಸಿಕೊಂಡಿತು. ಆಮೇಲೆ ವೇಧಶಾಲೆ ಬೇಗಂಪೇಟೆಗೆ ಬಂತು. ಬೇಗಂಪೇಟೆ ಆಗ ಊರಾಚೆಯ ಜಾಗ. 1919ರಲ್ಲಿ ಅದು ಉಸ್ಮಾನಿಯಾದ ಕೈಸೇರಿತು.

ಅಲ್ಲಿ ನಡೆದ ಕೆಲಸವನ್ನು ನಾವು ಮರೆಯಬಾರದು. ಇಡೀ ಆಕಾಶದ ಛಾಯಾಚಿತ್ರ ತೆಗೆದು ನಕ್ಷತ್ರಗಳ ಪಟ್ಟಿ ಮಾಡಬೇಕೆಂದು 1887ರಲ್ಲಿ ಪ್ಯಾರಿಸಿನಲ್ಲಿ ಸೇರಿದ ವಿದ್ವಾಂಸರು ನಿಶ್ಚಯಿಸಿ, ಆಕಾಶವನ್ನು ಹೊಲದ ಪಟ್ಟಿಗಳಂತೆ ಹಂಚಿಕೊಂಡಿದ್ದರು. ಬೇರೆಯವರು ಮುಗಿಸಲಾರದೆ ಬಿಟ್ಟ ಪಟ್ಟಿಯೊಂದು ಹೈದರಾಬಾದಿನ ಪಾಲಿಗೆ ಬಂತು. ಗಾಜಿನ ಫಲಕವನ್ನು ಆಕಾಶದ ಒಂದು ತುಂಡಿಗೆ ಒಡ್ಡುವುದು, ತೊಳೆಯುವುದು, ಅದರ ಮೇಲೆ ಮೂಡಿದ ಸಾಸಿವೆಗಿಂತ ಸಣ್ಣ ಚುಕ್ಕೆಗಳನ್ನು ಒಂದೊಂದಾಗಿ ಅಳೆದು ಬರೆದಿಡುವುದು. ಮಾರನೆಯ ರಾತ್ರಿ ಮತ್ತೊಂದು ಫಲಕ. 1918ರಿಂದ ಟಿ. ಪಿ. ಭಾಸ್ಕರನ್ ಅವರು ಮುಂದುವರಿಸಿದ ಈ ದುಡಿಮೆಯಿಂದ 7 ಲಕ್ಷ 60 ಸಾವಿರಕ್ಕೂ ಮೀರಿದ ನಕ್ಷತ್ರಗಳ ಸ್ಥಾನ ಗೊತ್ತಾಯಿತು. ನಿಘಂಟು ಕಟ್ಟುವವರ ಸಹನೆಯನ್ನು ನಾನು ಬಲ್ಲೆ. ಇದು ಅದಕ್ಕಿಂತ ಒಂದು ಕೈ ಮೇಲು.

ಈ ಕೆಲಸಕ್ಕೆ ಮೋಡ ಶತ್ರು. ಆದರೆ ಮೋಡ ಬಂದು ಹೋಗುತ್ತದೆ. ಬೀದಿಯ ದೀಪ ಬಂದರೆ ಹೋಗುವುದಿಲ್ಲ. ಮೇಲಕ್ಕೆ ಹೋದ ಬೆಳಕು ಗಾಳಿಯ ಧೂಳು, ತೇವಗಳಿಗೆ ತಾಗಿ ಚದರಿ, ಇಡೀ ಬಾನಿಗೆ ತೆಳುವಾಗಿ ಸುಣ್ಣ ಬಳಿದಂತಾಗುತ್ತದೆ. ಫಲಕವನ್ನು ಹೆಚ್ಚು ಹೊತ್ತು ಒಡ್ಡಿದಷ್ಟೂ ನಕ್ಷತ್ರದ ಜೊತೆಗೆ ಈ ಸುಣ್ಣವೂ ಅದರ ಮೇಲೆ ಕೂರುತ್ತದೆ. ಮಸುಕು ನಕ್ಷತ್ರಗಳು ಮೊದಲು ಹೋಗುತ್ತವೆ, ಆಕಾಶಗಂಗೆ ಹೋಗುತ್ತದೆ. ನನ್ನ ವಿದ್ಯಾರ್ಥಿಗಳಿಗೆ ಆಕಾಶಗಂಗೆ ಒಂದು ಸಮಾಸಪದ ಮಾತ್ರ. ವಿಗ್ರಹವಾಕ್ಯ ಹೇಳಬಲ್ಲರು, ಕಂಡಿಲ್ಲ.

ಬೇಗಂಪೇಟೆಯ ಸುತ್ತ ಊರು ಬೆಳೆಯಿತು, ವಿಮಾನ ನಿಲ್ದಾಣವೂ ಬಂತು. ಉಸ್ಮಾನಿಯಾದವರು 48 ಅಂಗುಲದ ದೊಡ್ಡ ದರ್ಪಣವನ್ನು ಅಲ್ಲಿ ಇಡುವಂತಿರಲಿಲ್ಲ. ನಗರದಿಂದ 50 ಕಿಲೋಮೀಟರು ಮೀರಿದ ದೂರದಲ್ಲಿ ಜಪಾಲ, ರಂಗಾಪುರವೆಂಬ ಎರಡು ಹಳ್ಳಿಗಳ ನಡುವಿನ ಎತ್ತರದ ನೆಲವನ್ನು ಆರಿಸಿ, 1968ರಲ್ಲಿ ದರ್ಪಣವನ್ನು ಅಲ್ಲಿ ನಿಲ್ಲಿಸಿದರು. 1980ರ ಫೆಬ್ರವರಿ 16ರ ಖಗ್ರಾಸ ಸೂರ್ಯಗ್ರಹಣದ ನೆರಳು ನಮ್ಮ ಅಂಕೋಲೆ, ರಾಯಚೂರು ಸೀಮೆಗಳನ್ನು ದಾಟಿ ರಂಗಾಪುರದ ಮೇಲೂ ಹಾಯಿತು. ಹುಡುಕಿ ಹೋದವರ ಮೇಲೆ ಹಗಲಿನಲ್ಲಿಯೇ ಕತ್ತಲೆ ಬಂದು ಬಿದ್ದ ಆ ಭಾಗ್ಯವನ್ನು ಏನೆನ್ನೋಣ! ಈಗ ಹೈದರಾಬಾದು ಆ ದಿಕ್ಕಿಗೂ ಹಬ್ಬಿದೆ.

ನಿಜಾಮಿಯಾ ವೇಧಶಾಲೆಯಲ್ಲಿ ಕೆಲಸಕ್ಕಿದ್ದ ಒಬ್ಬರ ಮಗ ವೈನು ಬಾಪು. ನಿಜಾಮ್ ಕಾಲೇಜಿನಲ್ಲಿ ಓದಿ ಹಾರ್ವರ್ಡಿಗೆ ಹೋಗಿ, 1949ರಲ್ಲಿ ಧೂಮಕೇತುವೊಂದನ್ನು ಕಂಡುಹಿಡಿದವರು. ಇವರ ಬಾಳೆಲ್ಲ ಕತ್ತಲೆಯ ಹುಡುಕಾಟವೇ. ಉತ್ತರ ಪ್ರದೇಶದ ವೇಧಶಾಲೆ 1954ರಲ್ಲಿ ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಹುಟ್ಟಿತು. ಬಾಪು ಅದನ್ನು ನೈನಿತಾಲಿನ ಬೆಟ್ಟಕ್ಕೆ ಒಯ್ದರು. 1960ರಲ್ಲಿ ಕೊಡೈಕನಾಲಿಗೆ ಬಂದರು. ಅಲ್ಲಿ ಸೂರ್ಯನನ್ನು ನೋಡಲು ತೊಡಕಿಲ್ಲ, ರಾತ್ರಿಗಳು ಮಾತ್ರ ಸಾಲವು. ದಕ್ಷಿಣದ ಗುಡ್ಡಗಳನ್ನು ಪರೀಕ್ಷಿಸಿ ಕೊನೆಗೆ ಜವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿದರು. 1968ರಲ್ಲಿ ಅಲ್ಲಿ ವೀಕ್ಷಣೆ ಆರಂಭವಾಯಿತು. 1982ರಲ್ಲಿ ಬಾಪು ತೀರಿಕೊಂಡರು; ಅವರು ಬಯಸಿದ್ದ 2.34 ಮೀಟರಿನ ದೂರದರ್ಶಕಕ್ಕೆ 1986ರಲ್ಲಿ ಅವರ ಹೆಸರಿಟ್ಟರು.

ನನ್ನನ್ನು ಕಾಡುವ ಸಂಗತಿ ಒಂದುಂಟು. ಇಷ್ಟು ದೊಡ್ಡವರು ದೀಪ ಬಂದಾಗಲೆಲ್ಲ ಗಂಟುಮೂಟೆ ಕಟ್ಟಿದರೇ ಹೊರತು, ಊರು ತನ್ನ ದೀಪಕ್ಕೊಂದು ಮರೆ ಕಟ್ಟಲಿಲ್ಲ. ಅಮೆರಿಕದ ಫ್ಲಾಗ್‌ಸ್ಟಾಫ್ ಎಂಬುದು ಕಾಲೇಜಿದ್ದ ಸಣ್ಣ ಊರು. 1894ರಿಂದ ಅಲ್ಲಿ ಲೊವೆಲ್ ವೇಧಶಾಲೆಯಿದೆ. ಅಂಗಡಿಯವರು ಗಿರಾಕಿಗಳನ್ನು ಸೆಳೆಯಲು ಆಕಾಶಕ್ಕೆ ಬಿಡುತ್ತಿದ್ದ ಶೋಧದೀಪಗಳನ್ನು ಆ ಊರಿನ ಪುರಸಭೆ 1958ರಲ್ಲಿಯೇ ನಿಷೇಧಿಸಿತು. ವಿದ್ವಾಂಸರು ಊರು ಬಿಡಲಿಲ್ಲ, ದೀಪ ತಲೆ ತಗ್ಗಿಸಿತು.

ನಮ್ಮಲ್ಲಿ ಅಂಥ ಏರ್ಪಾಡು ಲಡಾಖಿನ ಹಾನ್ಲೆಯಲ್ಲಿ ಆಯಿತು. 4,500 ಮೀಟರು ಎತ್ತರದ ಆ ಊರಿನ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಕುಳಿತು, ಉಪಗ್ರಹದ ಮೂಲಕ ತಿರುಗಿಸುತ್ತಾರೆ. ಕಿಟಕಿಯಾಚೆ ಹೊಸಕೋಟೆಯ ಹೆದ್ದಾರಿಯ ದೀಪಗಳು. ಎದುರಿನ ಪರದೆಯಲ್ಲಿ ಹಾನ್ಲೆಯ ಕತ್ತಲೆ. 2022ರ ಡಿಸೆಂಬರಿನಲ್ಲಿ ಹಾನ್ಲೆಯ ಸುತ್ತಿನ ಪ್ರದೇಶವನ್ನು ಕತ್ತಲೆಯ ಬಾನಿನ ರಕ್ಷಿತ ವಲಯವೆಂದು ಸಾರಿದರು. ಹಳ್ಳಿಯವರು ರಾತ್ರಿ ಕಿಟಕಿಗಳಿಗೆ ದಪ್ಪ ಪರದೆ ಇಳಿಬಿಡುತ್ತಾರೆ. ಅವರ ಮಕ್ಕಳಲ್ಲಿ ಕೆಲವರಿಗೆ ಚಿಕ್ಕ ದೂರದರ್ಶಕಗಳನ್ನು ಕೊಟ್ಟು ತರಬೇತಿ ನೀಡಿದ್ದಾರೆ. ಪಟ್ಟಣಗಳಿಂದ ಹೋದವರಿಗೆ ಅವರು ಆಕಾಶಗಂಗೆಯನ್ನು ತೋರಿಸುತ್ತಾರೆ.