ಜ್ವರ, ಮನಸ್ಸು ಮತ್ತು ಮಾನೇಸರ್

ಗುರುಗ್ರಾಮದ ಪಕ್ಕದ ಮಾನೇಸರ್ ಅಂದ್ರೆ ಕಾರು ಕಾರ್ಖಾನೆ ಅಂತ ಎಲ್ಲರಿಗೂ ಗೊತ್ತು. ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ಇರುವುದೂ ಅಲ್ಲೇ. 2003ರ ಡಿಸೆಂಬರ್‌ನಲ್ಲಿ ಅದನ್ನು ದೇಶಕ್ಕೆ ಅರ್ಪಿಸಿದವರು ರಾಷ್ಟ್ರಪತಿ ಅಬ್ದುಲ್ ಕಲಾಂ. ಮಿದುಳಿನಲ್ಲಿ ಮೈಕ್ರೋಗ್ಲಿಯಾ ಎಂಬ ಕಾವಲು ಕೋಶಗಳಿವೆ. ಮಿದುಳುಜ್ವರ ಬಂದಾಗ ಅವು ಕೆರಳಿ ನರಕೋಶಗಳಿಗೇ ಹಾನಿ ಮಾಡುವುದನ್ನು ಅಲ್ಲಿನ ಅನಿರ್ಬನ್ ಬಸು ಅವರ ತಂಡ ಅಧ್ಯಯನ ಮಾಡಿದೆ.

ಸೋಂಕಿಗೂ ಸ್ಕಿಜೋಫ್ರೇನಿಯಾಕ್ಕೂ ನಂಟಿದೆಯೇ ಎಂಬ ಸಂಶಯ ಹಳೆಯದು. 1918ರ ಫ್ಲೂ ಬಂದು ಹೋದ ಮೇಲೆ ಬುದ್ಧಿ ಕಲಕಿದವರನ್ನು ಬಾಸ್ಟನ್‌ನಲ್ಲಿ ಕಾರ್ಲ್ ಮೆನಿಂಜರ್ ಕಂಡು ಬರೆದರು. ಆದರೆ ಅದಕ್ಕೂ ಮೊದಲೇ ಜರ್ಮನಿಯ ಕ್ರೇಪೆಲಿನ್, ಭ್ರಮೆಯ ಕಾಯಿಲೆ ಬೇರೆ, ಮನಸ್ಸಿನ ಏರಿಳಿತದ ಕಾಯಿಲೆ ಬೇರೆ ಅಂತ ಗೋಡೆ ಎಬ್ಬಿಸಿದ್ದರು. ಇಲ್ಲದ ದನಿ ಕೇಳಿಸಿಕೊಳ್ಳುವವನ ದುಃಖ ಹಿಂದಕ್ಕೆ ಸರಿಯಿತು. ನಮ್ಮ ಮನೆಗಳಲ್ಲೂ ಅಷ್ಟೇ ತಾನೆ: ದನಿ ಕೇಳಿಸಿದರೆ 'ಸಾಯಾ', ಸುಮ್ಮನೆ ಕೂತರೆ 'ಸೋಮಾರಿ'.

ರೋಗನಿರೋಧಕ ವ್ಯವಸ್ಥೆಗೂ ದುಃಖಕ್ಕೂ ಇರುವ ನಂಟನ್ನು ಒಂದು ಔಷಧವೇ ತೋರಿಸಿಕೊಟ್ಟಿತು. ಹೆಪಟೈಟಿಸ್ ಸಿ ಕಾಯಿಲೆಗೆ ಇಂಟರ್‌ಫೆರಾನ್ ಇಂಜೆಕ್ಷನ್ ಪಡೆದ ಹಲವರು ಖಿನ್ನತೆಗೆ ಬಿದ್ದರು. ಬೆಂಗಳೂರಿನ ನಿಮ್ಹಾನ್ಸ್ ಸಂಶೋಧಕರು ಸ್ಕಿಜೋಫ್ರೇನಿಯಾ ರೋಗಿಗಳ ರಕ್ತದಲ್ಲಿ ಐಎಲ್-6ನಂಥ ಉರಿಯೂತದ ಸಂಕೇತಗಳನ್ನು ಅಳೆದಿದ್ದಾರೆ. 2016ರಲ್ಲಿ ಅಮೆರಿಕದ ತಂಡವೊಂದು ಸಿ4 ಎಂಬ ರೋಗನಿರೋಧಕ ಜೀನ್‌ಗೂ ಈ ಕಾಯಿಲೆಗೂ ನಂಟು ತೋರಿಸಿತು.

ಹಾಗಂತ ಎಲ್ಲ ರೋಗಿಗಳಲ್ಲೂ ಉರಿಯೂತ ಕಾಣಲ್ಲ. ಯಾರ ಖಿನ್ನತೆಗೆ ಇದೇ ಕಾರಣ ಅಂತ ಹೇಳುವ ರಕ್ತಪರೀಕ್ಷೆ ಆಸ್ಪತ್ರೆಗಳಲ್ಲಿ ಇನ್ನೂ ಬಂದಿಲ್ಲ. ಸದ್ಯಕ್ಕೆ ಮನೆಯವರು ಬಾಯಿಬಿಟ್ಟು ಹೇಳಿದರೆ ಮಾತ್ರ ಅವನ ಅಳು, ನಿದ್ದೆಗೇಡು, 'ಬದುಕು ಬೇಡ' ಎಂಬ ಮಾತು ಡಾಕ್ಟರರಿಗೆ ತಿಳಿಯುತ್ತದೆ.