ಕಾಳ್ಗಿಚ್ಚಿನ ಹೊಗೆಯ ಮಾಪನ: ಒಂದು ಐತಿಹಾಸಿಕ ವಿವೇಚನೆ

ಮಲಪ್ರಭೆಯ ದಡದ ಮನೋಳಿಯವರಿಗೆ ಕಾಳ್ಗಿಚ್ಚು ದೂರದ ಮಾತೆಂದು ತೋರಬಹುದು. ಆದರೆ ಆ ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯ ಅಡವಿಯಲ್ಲಿ. ನೀರು ತನ್ನ ಪಾತ್ರವನ್ನು ಬಿಟ್ಟು ಹರಿಯದು. ಹೊಗೆಗೆ ಪಾತ್ರವೂ ಇಲ್ಲ, ಗಡಿಯೂ ಇಲ್ಲ. ಆದುದರಿಂದ ಅದರ ಅಪಾಯವನ್ನು ಅಳೆಯುವ ಬಗೆ ಬಯಲಿನವರಿಗೂ ಸಂಬಂಧಪಟ್ಟುದು.

ಈ ಮಾಪನದ ಚರಿತ್ರೆ ನಗರದಲ್ಲಿ ಆರಂಭವಾಗುತ್ತದೆ. 1952ರ ಡಿಸೆಂಬರಿನಲ್ಲಿ ಲಂಡನ್ ನಗರವನ್ನು ಐದು ದಿನ ಕವಿದ ಕಲ್ಲಿದ್ದಲ ಹೊಗೆ ಸಾವಿರಾರು ಜನರನ್ನು ಬಲಿತೆಗೆದುಕೊಂಡಿತು. 1956ರಲ್ಲಿ ಅಲ್ಲಿ ಶುದ್ಧ ವಾಯು ಕಾಯಿದೆ ಬಂದಿತು. ಭಾರತದ ವಾಯುಮಾಲಿನ್ಯ ಕಾಯಿದೆ 1981ರದು. ಜನಸಾಮಾನ್ಯರಿಗೆ ತಿಳಿಯುವಂತೆ ಗಾಳಿಯನ್ನು 'ಉತ್ತಮ'ದಿಂದ 'ತೀವ್ರ'ದವರೆಗೆ ಆರು ದರ್ಜೆಗಳಲ್ಲಿ ಹೇಳುವ ರಾಷ್ಟ್ರೀಯ ಸೂಚ್ಯಂಕವು 2015ರ ಏಪ್ರಿಲಿನಲ್ಲಷ್ಟೇ ಜಾರಿಗೆ ಬಂದಿತು. ಅದು ಗಣಿಸುವ ಎಂಟು ಮಾಲಿನ್ಯಗಳಲ್ಲಿ ಹೊಗೆಯ ಮಟ್ಟಿಗೆ ಮುಖ್ಯವಾದುದು 2.5 ಮೈಕ್ರಾನಿಗಿಂತ ಕಿರಿದಾದ, ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ.

ತೊಡಕಿರುವುದು ಇಲ್ಲಿಯೇ. ಸೂಚ್ಯಂಕವು ಈ ಕಣಗಳ 24 ಗಂಟೆಗಳ ಸರಾಸರಿಯನ್ನು ಹಿಡಿಯುತ್ತದೆ. ಒಂದೂರಿನ ಗಾಳಿಯಲ್ಲಿ ಘನಮೀಟರಿಗೆ 40 ಮೈಕ್ರೋಗ್ರಾಮ್ ಕಣಗಳಿದ್ದು, ಆರು ಗಂಟೆಗಳ ಕಾಲ ಮಾತ್ರ ಹೊಗೆ ತುಂಬಿ ಆ ಪ್ರಮಾಣ 240ಕ್ಕೆ ಏರಿತೆಂದಿಟ್ಟುಕೊಳ್ಳೋಣ. ದಿನದ ಸರಾಸರಿ 90, ದರ್ಜೆ 'ಮಧ್ಯಮ'. ಅದೇ 240 ದಿನವಿಡೀ ನಿಂತಿದ್ದರೆ 'ಅತಿ ಕಳಪೆ' ಎನಿಸುತ್ತಿತ್ತು. ಉಬ್ಬಸದ ರೋಗಿ ಆ ಆರು ಗಂಟೆ ಪಟ್ಟ ಪಾಡು ಭಾಗಾಕಾರದಲ್ಲಿ ಕರಗಿಹೋಯಿತು! ಅಮೆರಿಕದಲ್ಲಿ ಹಿಂದಿನ 12 ಗಂಟೆಗಳ ಅಳತೆಯನ್ನು ತೆಗೆದುಕೊಂಡು, ಏರಿಳಿತ ಹೆಚ್ಚಿದಂತೆ ಇತ್ತೀಚಿನ ಗಂಟೆಗಳಿಗೆ ಹೆಚ್ಚು ತೂಕ ಕೊಟ್ಟು ಪ್ರಕಟಿಸುವ ಪದ್ಧತಿಯುಂಟು. ಗಾಳಿ ತಿರುಗಿದಂತೆ ದಿಕ್ಕು ಬದಲಿಸುವ ಕಾಳ್ಗಿಚ್ಚಿನ ಹೊಗೆಗೆ ಇದೇ ಹೆಚ್ಚು ಒಗ್ಗುವುದೆಂದು ನಮ್ಮ ಅಭಿಪ್ರಾಯ.

ಇನ್ನು ಕಾಡಿನ ಕಡೆಯ ಲೆಕ್ಕವನ್ನು ನೋಡೋಣ. 2019ರ ಫೆಬ್ರವರಿಯಲ್ಲಿ ಬಂಡೀಪುರದ ಅರಣ್ಯ ಹೊತ್ತಿ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಸುಟ್ಟುದು ಎಷ್ಟು ಸಾವಿರ ಎಕರೆಯೆಂಬ ಬಗ್ಗೆ ಬಿರುಸಿನ ವಾದ ನಡೆಯಿತು. ನೆಲವನ್ನು ಎಣಿಸುವ ಈ ರೂಢಿ ಹೊಸತಲ್ಲ. ಬ್ರಿಟಿಷರ ಕಾಲದ ಅರಣ್ಯ ಇಲಾಖೆಯ ವಾರ್ಷಿಕ ವರದಿಗಳು ಬೆಂಕಿಯಿಂದ ಉಳಿಸಿದ ನೆಲವೆಷ್ಟು, ಸುಟ್ಟ ನೆಲವೆಷ್ಟು ಎಂದೇ ಲೆಕ್ಕವಿಡುತ್ತಿದ್ದವು. ಅವರ ದೃಷ್ಟಿಯಲ್ಲಿ ಮರವು ಸರ್ಕಾರದ ಸ್ವತ್ತು. ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯುವ ಕಾವಲುಗಾರ ಎಷ್ಟು ಗಂಟೆ ಹೊಗೆ ಕುಡಿದನೆಂಬುದಕ್ಕೆ ಆ ಎಕರೆಗಳ ಲೆಕ್ಕದಲ್ಲಿ ಅಂಕಣವಿಲ್ಲ.